ಸರ್ಕಾರದ ಲೆಕ್ಕಪುಸ್ತಕ ತೆರೆದ ಕಾದಂಬರಿಗಳು

ರಷ್ಯಾದ ಒಂದು ಸಣ್ಣ ಪಟ್ಟಣಕ್ಕೆ ಚಿಚಿಕೋವ್ ಎಂಬ ಮನುಷ್ಯ ಬರುತ್ತಾನೆ. ಮಾತು ನಯ, ಬಟ್ಟೆ ಅಚ್ಚುಕಟ್ಟು. ಸುತ್ತಮುತ್ತಲ ಜಮೀನ್ದಾರರ ಮನೆಗೆ ಹೋಗುತ್ತಾನೆ, ಊಟ ಮಾಡುತ್ತಾನೆ, ಆಮೇಲೆ ಮೆಲ್ಲಗೆ ವಿಷಯ ತೆಗೆಯುತ್ತಾನೆ. ನಿಮ್ಮಲ್ಲಿ ಸತ್ತುಹೋದ ಜೀತದಾಳುಗಳು ಇದ್ದರೆ ನನಗೆ ಮಾರಿಬಿಡಿ ಅಂತ.

ಸೊಬಾಕೆವಿಚ್ ಎಂಬ ಜಮೀನ್ದಾರ ಇದನ್ನು ಕೇಳಿ ಬೆಚ್ಚಿಬೀಳುವುದಿಲ್ಲ. ತಲೆಗೆ 100 ರೂಬಲ್ ಎಂದು ನೇರವಾಗಿ ಬೆಲೆ ಹೇಳುತ್ತಾನೆ. ಚೌಕಾಸಿ ಶುರುವಾಗುತ್ತದೆ. ತನ್ನ ಸರಕನ್ನು ಅವನು ಹೊಗಳುವುದನ್ನು ನೋಡಬೇಕು: ಗಾಡಿ ಕಟ್ಟುವ ಮಿಖೆಯೆವ್, ಅಂಥ ಕಸುಬುದಾರ ಬೇರೆಲ್ಲಿ ಸಿಗುತ್ತಾನೆ? ಬಡಗಿ ಸ್ತೆಪಾನ್ ಪ್ರೋಬ್ಕಾ, ಏನು ಆಳು, ಏನು ಬಲ! ಅವರೆಲ್ಲ ಸತ್ತಿದ್ದಾರಲ್ಲ ಸ್ವಾಮಿ ಎಂದು ಚಿಚಿಕೋವ್ ನೆನಪಿಸಬೇಕಾಗುತ್ತದೆ. ಕೊನೆಗೆ ಎರಡೂವರೆ ರೂಬಲ್‌ಗೆ ವ್ಯಾಪಾರ ಕುದುರುತ್ತದೆ.

ಇದು ನಿಕೊಲಾಯ್ ಗೊಗೊಲ್ 1842ರಲ್ಲಿ ಪ್ರಕಟಿಸಿದ 'ಸತ್ತ ಆತ್ಮಗಳು' ಕಾದಂಬರಿ. ಸತ್ತವರನ್ನು ಯಾರಾದರೂ ಕೊಳ್ಳುವುದು ಯಾಕೆ? ರಷ್ಯಾದಲ್ಲಿ ಆಗ ಜೀತದಾಳುಗಳನ್ನು 'ಆತ್ಮ' ಎಂದು ಎಣಿಸುತ್ತಿದ್ದರು. ಎಷ್ಟು ಆತ್ಮವೋ ಅಷ್ಟು ತಲೆಗಂದಾಯ. ಒಂದು ಗಣತಿ ಮುಗಿದು ಇನ್ನೊಂದು ಗಣತಿ ಬರಲು ಹಲವು ವರ್ಷ ಬೇಕು. ಆ ನಡುವೆ ಯಾರಾದರೂ ಸತ್ತರೂ ಸರ್ಕಾರದ ಪುಸ್ತಕದಲ್ಲಿ ಅವರು ಜೀವಂತ. ಅವರ ಕಂದಾಯವನ್ನು ಯಜಮಾನ ಕಟ್ಟುತ್ತಲೇ ಇರಬೇಕು. ಹಾಗಾಗಿ ಈ ಭಾರ ಬೇರೆಯವರ ತಲೆಗೆ ಹೋದರೆ ಅವನಿಗೂ ಲಾಭ. ಇನ್ನು ಚಿಚಿಕೋವ್? ಜೀತದಾಳುಗಳನ್ನು ಅಡವಿಟ್ಟರೆ ಸರ್ಕಾರಿ ಸಂಸ್ಥೆಯೊಂದು ಆತ್ಮಕ್ಕೆ 200 ರೂಬಲ್‌ನಂತೆ ಸಾಲ ಕೊಡುತ್ತಿತ್ತು. ಸತ್ತ ಸಾವಿರ ಜನರನ್ನು ಕಾಗದದ ಮೇಲೆ ಕೊಂಡರೆ 2 ಲಕ್ಷ ರೂಬಲ್. ಅಷ್ಟೇ ಲೆಕ್ಕ.

ಈ ಲೆಕ್ಕದಲ್ಲಿ ಒಂದು ವಿಚಿತ್ರ ಇದೆ. ಚಿಚಿಕೋವ್ ವಂಚಕ, ನಿಜ. ಆದರೆ ಅವನ ವಂಚನೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಕಾನೂನೇ ಮಾಡಿಟ್ಟಿದೆ. ಬದುಕಿರುವ ಮನುಷ್ಯನನ್ನು ಮಾರಬಹುದು, ಅಡವಿಡಬಹುದು ಎಂದು ಒಪ್ಪಿಕೊಂಡ ದೇಶದಲ್ಲಿ ಸತ್ತವನನ್ನು ಮಾರಿದರೆ ಮಾತ್ರ ಅಸಹ್ಯ ಯಾಕೆ? ಗೊಗೊಲ್ ಈ ಪ್ರಶ್ನೆಯನ್ನು ಎಲ್ಲೂ ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ನೆ ಚೌಕಾಸಿ ಬರೆಯುತ್ತಾನೆ.

ಸೆನ್ಸಾರ್ ಅಧಿಕಾರಿಗಳಿಗೆ ವಾಸನೆ ಬಡಿಯದೆ ಇರಲಿಲ್ಲ. ಮಾಸ್ಕೋ ಸಮಿತಿಯ ಅಧ್ಯಕ್ಷರು ಹೆಸರು ಕೇಳಿಯೇ ಸಿಟ್ಟಾದರಂತೆ. ಆತ್ಮಕ್ಕೆ ಸಾವಿಲ್ಲ, ಹಾಗಿರುವಾಗ ಸತ್ತ ಆತ್ಮ ಅಂದರೇನು ಎಂದು! ಆಮೇಲೆ ಪೀಟರ್ಸ್‌ಬರ್ಗ್‌ನಲ್ಲಿ ಪುಸ್ತಕ ಪಾಸಾಯಿತು. ಆದರೆ ಹೆಸರಿನ ಮುಂದೆ 'ಚಿಚಿಕೋವನ ಸಾಹಸಗಳು' ಎಂದು ಸೇರಿಸಬೇಕಾಯಿತು. ಯುದ್ಧದಲ್ಲಿ ಒಂದು ಕೈ ಒಂದು ಕಾಲು ಕಳೆದುಕೊಂಡು, ಪಿಂಚಣಿಗಾಗಿ ಕಚೇರಿ ಅಲೆದು ಸೋತ ಕ್ಯಾಪ್ಟನ್ ಕೊಪೈಕಿನ್ ಕಥೆಯನ್ನು ಗೊಗೊಲ್ ತಿದ್ದಿ ಬರೆಯಬೇಕಾಯಿತು.

ಹಳೆಯ ಕಾದಂಬರಿಗಳು ರಾಜಕೀಯವನ್ನು ಹೇಗೆ ಟೀಕಿಸಿದವು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಚೌಕಾಸಿಯನ್ನೇ.

ಅಧಿಕಾರವನ್ನು ಬೈಯುವುದು ಕಾದಂಬರಿ ತಂದ ಹೊಸ ಸಂಗತಿ ಏನಲ್ಲ. ನಮ್ಮ ಕುಮಾರವ್ಯಾಸನೇ "ಅರಸು ರಾಕ್ಷಸ ಮಂತ್ರಿಯೆಂಬುವ ಮೊರೆವ ಹುಲಿ" ಎಂದು ಬರೆದಿದ್ದಾನೆ. ಬಡವರ ಅಹವಾಲು ಕೇಳುವವರು ಯಾರು ಎಂಬ ಆ ಪದ್ಯದ ಸಂಕಟ ಇವತ್ತಿಗೂ ಚುರುಕು ಮುಟ್ಟಿಸುತ್ತದೆ. ಆದರೆ ಅಲ್ಲಿನ ದೂರು ವ್ಯಕ್ತಿಗಳ ಮೇಲೆ. ಅರಸ ರಾಕ್ಷಸ, ಮಂತ್ರಿ ಹುಲಿ. ಒಳ್ಳೆಯ ಅರಸ ಬಂದರೆ ಎಲ್ಲ ಸರಿಹೋದೀತು ಎಂಬ ಆಸೆ ಅದರೊಳಗೇ ಇದೆ. ಕಾದಂಬರಿ ಇನ್ನೊಂದು ಅನುಮಾನ ತಂದಿತು. ಅರಸ ಒಳ್ಳೆಯವನೇ, ಗುಮಾಸ್ತನೂ ಒಳ್ಳೆಯವನೇ, ಆದರೂ ಜನ ನುಚ್ಚುನೂರಾಗುತ್ತಿದ್ದಾರೆ. ಹಾಗಾದರೆ ತಪ್ಪು ಎಲ್ಲಿದೆ? ನಿಯಮದಲ್ಲಿದೆಯಾ, ಕರಾರು ಪತ್ರದಲ್ಲಿದೆಯಾ, ಗಣತಿ ಪುಸ್ತಕದಲ್ಲಿದೆಯಾ?

ಇದನ್ನು ಕೇಳಲು ಕಾದಂಬರಿಗೇ ಅನುಕೂಲ ಜಾಸ್ತಿ ಇತ್ತು. ಅದು ಗದ್ಯ, ಅದು ಉದ್ದ, ಅದಕ್ಕೆ ದಿನನಿತ್ಯದ ಬದುಕು ಬೇಕು. ಮಹಾಕಾವ್ಯದ ನಾಯಕ ಬಾಡಿಗೆ ಕಟ್ಟುವುದಿಲ್ಲ. ಕಾದಂಬರಿಯ ನಾಯಕ ಕಟ್ಟಲೇಬೇಕು. ಬಾಡಿಗೆ ಬಂದಲ್ಲಿ ಸಂಬಳ ಬರುತ್ತದೆ, ಸಾಲ ಬರುತ್ತದೆ, ಕೋರ್ಟು ಬರುತ್ತದೆ. ಅಲ್ಲಿಂದ ಸರ್ಕಾರಕ್ಕೆ ಎಷ್ಟು ದೂರ?

ಮೊದಲು ಹಾಕಿದ್ದು ವೇಷ

ಆದರೆ 18ನೇ ಶತಮಾನದಲ್ಲಿ ಇದನ್ನೆಲ್ಲ ನೇರವಾಗಿ ಬರೆದರೆ ಜೈಲು. ಹಾಗಾಗಿ ಮೊದಲ ತಲೆಮಾರಿನ ಲೇಖಕರು ವೇಷ ಹಾಕಿದರು. ಜೊನಾಥನ್ ಸ್ವಿಫ್ಟ್ ಇದರಲ್ಲಿ ಪಳಗಿದ ಕೈ. ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಮುಖ್ಯಸ್ಥರಾಗಿದ್ದ ಅವರು 1724ರಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಹೆಸರಲ್ಲಿ ಪತ್ರಗಳನ್ನು ಬರೆದು, ಐರ್ಲೆಂಡಿನ ಮೇಲೆ ಹೇರಿದ ತಾಮ್ರದ ನಾಣ್ಯವನ್ನು ವಿರೋಧಿಸಿದರು. ಬರೆದವರು ಯಾರೆಂದು ಹೇಳಿದವರಿಗೆ 300 ಪೌಂಡ್ ಬಹುಮಾನ ಎಂದು ಸರ್ಕಾರ ಸಾರಿತು. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಎರಡು ವರ್ಷ ಕಳೆದು, 1726ರಲ್ಲಿ, ಗಲಿವರನ ಪ್ರವಾಸದ ಕಥೆ ಬಂತು. ಲೇಖಕರ ಹೆಸರಿನ ಜಾಗದಲ್ಲಿ ಗಲಿವರನ ಹೆಸರೇ ಇತ್ತು. ಹಸ್ತಪ್ರತಿಯೂ ಸ್ವಿಫ್ಟ್ ಕೈಬರಹದಲ್ಲಿ ಇರಲಿಲ್ಲ, ಬೇರೆಯವರಿಂದ ನಕಲು ಮಾಡಿಸಿದ್ದು. ಇದನ್ನು ಮಕ್ಕಳ ಕಥೆ ಎಂದು ಓದಿಸುವುದು ನಮ್ಮಲ್ಲೂ ರೂಢಿ. ಬೆರಳುದ್ದದ ಜನ, ಹಗ್ಗದಲ್ಲಿ ಕಟ್ಟಿದ ದೈತ್ಯ, ಮಜವಾಗಿದೆ. ಆದರೆ ಲಿಲಿಪುಟ್ಟಿನ ಅರಮನೆಯಲ್ಲಿ ಮಂತ್ರಿಗಳನ್ನು ಹೇಗೆ ಆರಿಸುತ್ತಾರೆ ನೋಡಿ. ತೆಳ್ಳನೆಯ ದಾರದ ಮೇಲೆ ಕುಣಿಯಬೇಕು. ಬೀಳದೆ ಯಾರು ಎತ್ತರಕ್ಕೆ ಹಾರುತ್ತಾರೋ ಅವರಿಗೆ ಖಾತೆ. ಖಜಾನೆ ಮಂತ್ರಿ ಫ್ಲಿಮ್ನಾಪ್ ಎಲ್ಲರಿಗಿಂತ ಒಂದು ಅಂಗುಲ ಮೇಲೆ ಹಾರುತ್ತಾನೆ. ಒಮ್ಮೆ ಬಿದ್ದಾಗ ರಾಜನ ದಿಂಬು ಅಡ್ಡ ಬಂದು ಬದುಕಿದ. ಆಗ ಬ್ರಿಟನ್ನಿನ ಖಜಾನೆ ರಾಬರ್ಟ್ ವಾಲ್ಪೋಲ್ ಕೈಯಲ್ಲಿತ್ತು. ಅವರನ್ನು ಗುರುತಿಸಲು ಓದುಗರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಇನ್ನೊಂದು ಆಟ: ರಾಜ ಕೋಲು ಹಿಡಿಯುತ್ತಾನೆ, ಆಸ್ಥಾನಿಕರು ಅದರ ಮೇಲೆ ಹಾರುತ್ತಾರೆ ಇಲ್ಲವೇ ಕೆಳಗೆ ತೆವಳುತ್ತಾರೆ. ಗೆದ್ದವರಿಗೆ ನೀಲಿ, ಕೆಂಪು, ಹಸಿರು ರೇಷ್ಮೆ ದಾರ. ಇವು ಬ್ರಿಟನ್ನಿನ ಮೂರು ದೊಡ್ಡ ರಾಜಗೌರವಗಳ ಬಣ್ಣಗಳು. ಪ್ರಕಾಶಕ ಹೆದರಿದ. ಮೊದಲ ಮುದ್ರಣದಲ್ಲಿ ದಾರಗಳು ನೇರಳೆ, ಹಳದಿ, ಬಿಳಿ ಆದವು! ಬಣ್ಣ ಬದಲಿಸಿದರೆ ಸಾಕು, ಬೈಗುಳ ಅಳಿಸಿತು ಎಂದುಕೊಂಡಿದ್ದ. 1735ರ ಡಬ್ಲಿನ್ ಮುದ್ರಣದಲ್ಲಿ ಮೂಲ ಬಣ್ಣಗಳು ಮರಳಿದವು. ಆದರೆ ದಂಗೆಯೆದ್ದ ಊರೊಂದು ಆಕಾಶದಲ್ಲಿ ತೇಲುವ ದ್ವೀಪದ ರಾಜನನ್ನೇ ಮಣಿಸುವ ಭಾಗವನ್ನು ಮುದ್ರಿಸುವ ಧೈರ್ಯ ಆಗಲೂ ಬರಲಿಲ್ಲ. ಅದು ಅಚ್ಚಾಗಿದ್ದು 1899ರಲ್ಲಿ. ಆ ಊರು ಡಬ್ಲಿನ್ ಎಂದು ಬೇರೆ ಹೇಳಬೇಕಾಗಿಲ್ಲ.

ಪರದೇಶಿಯ ಕಣ್ಣು ಎಂಬ ಇನ್ನೊಂದು ವೇಷವೂ ಇತ್ತು. ಮಾಂಟೆಸ್ಕ್ಯೂ 1721ರಲ್ಲಿ ಹೆಸರು ಹಾಕದೆ 'ಪರ್ಷಿಯನ್ ಪತ್ರಗಳು' ಪ್ರಕಟಿಸಿದರು. ಪ್ಯಾರಿಸ್‌ಗೆ ಬಂದ ಇಬ್ಬರು ಪರ್ಷಿಯನ್ನರು ಮನೆಗೆ ಪತ್ರ ಬರೆಯುತ್ತಾರೆ. ಇಲ್ಲಿನ ರಾಜ ದೊಡ್ಡ ಮಾಂತ್ರಿಕ, ಕಾಗದದ ಚೂರನ್ನೇ ಹಣ ಅಂತ ನಂಬಿಸಿಬಿಡುತ್ತಾನೆ ಎಂದು ಒಬ್ಬ ಬೆರಗಾಗುತ್ತಾನೆ. ಹಿಂದಿನ ವರ್ಷವಷ್ಟೇ ಫ್ರಾನ್ಸಿನಲ್ಲಿ ಕಾಗದದ ಹಣದ ಪ್ರಯೋಗ ಮುಗ್ಗರಿಸಿ ಜನ ಬೀದಿಗೆ ಬಿದ್ದಿದ್ದರು. ನನಗೆ ಇದರಲ್ಲಿ ಇಷ್ಟವಾಗುವುದು ಕೊನೆಯ ತಿರುವು. ಆ ಇಬ್ಬರಲ್ಲಿ ಒಬ್ಬನಾದ, ಫ್ರಾನ್ಸಿನ ದಬ್ಬಾಳಿಕೆಯನ್ನು ಅಷ್ಟು ಚೆನ್ನಾಗಿ ಕಾಣುವ ಉಸ್ಬೆಕ್, ತನ್ನ ಮನೆಯ ಹೆಂಗಸರನ್ನು ಅಂತಃಪುರದಲ್ಲಿ ಕೂಡಿಹಾಕಿ ಬಂದಿದ್ದಾನೆ. ಕಾದಂಬರಿಯ ಕೊನೆಯ ಪತ್ರ ಅವನ ಹೆಂಡತಿ ರೊಕ್ಸಾನಾಳದು. ವಿಷ ಕುಡಿದು, ನಾನು ನಿನ್ನನ್ನು ಮೋಸ ಮಾಡಿದೆ, ನನ್ನ ಮನಸ್ಸು ಯಾವತ್ತೂ ಸ್ವತಂತ್ರವಾಗಿತ್ತು ಎಂದು ಬರೆಯುತ್ತಾಳೆ.

ವೋಲ್ತೇರ್ ಅವರ 'ಕ್ಯಾಂಡಿಡ್' 1759ರಲ್ಲಿ ಬಂದಾಗ ಮುಖಪುಟದಲ್ಲಿ ಡಾಕ್ಟರ್ ರಾಲ್ಫ್ ಎಂಬ ಇಲ್ಲದ ಜರ್ಮನ್ನನ ಹೆಸರಿತ್ತು. ಅದರ ತುಂಬ ನಗು. ಯುದ್ಧ, ಭೂಕಂಪ, ಧರ್ಮವಿಚಾರಣೆ ಎಲ್ಲವೂ ಓಡುತ್ತಾ ಬಂದು ಹೋಗುತ್ತವೆ. ಆದರೆ ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಓಟ ನಿಲ್ಲುತ್ತದೆ. ರಸ್ತೆ ಬದಿ ಒಬ್ಬ ಗುಲಾಮ ಮಲಗಿದ್ದಾನೆ. ಎಡಗಾಲಿಲ್ಲ, ಬಲಗೈ ಇಲ್ಲ. ಅವನು ಅಳುವುದಿಲ್ಲ, ನಿಯಮ ವಿವರಿಸುತ್ತಾನೆ. ಸಕ್ಕರೆ ಗಾಣಕ್ಕೆ ಬೆರಳು ಸಿಕ್ಕರೆ ಕೈ ಕತ್ತರಿಸುತ್ತಾರೆ. ಓಡಿಹೋಗಲು ನೋಡಿದರೆ ಕಾಲು ಕತ್ತರಿಸುತ್ತಾರೆ. ನನಗೆ ಎರಡೂ ಆಗಿದೆ. ನೀವು ಯುರೋಪಿನಲ್ಲಿ ಸಕ್ಕರೆ ತಿನ್ನುವುದು ಈ ಬೆಲೆಗೆ. ಗಮನಿಸಿ, ಅವನು ಯಜಮಾನನನ್ನು ಕ್ರೂರಿ ಎಂದು ಬೈಯುವುದಿಲ್ಲ. ಹಾಗೆ ಬೈದಿದ್ದರೆ ಓದುಗ ನೆಮ್ಮದಿಯಾಗಿ ತಾನೂ ಸೇರಿಕೊಂಡು ಬೈಯುತ್ತಿದ್ದ. 'ನೀವು ತಿನ್ನುವ ಸಕ್ಕರೆ' ಎಂದಾಗ ಆ ದಾರಿ ಮುಚ್ಚುತ್ತದೆ.

ಖರ್ಚು ನುಂಗಿದ ಆಸ್ತಿ

19ನೇ ಶತಮಾನಕ್ಕೆ ಬಂದರೆ ವೇಷ ಕಳಚುತ್ತದೆ. ಇಂಗ್ಲೆಂಡಿನಲ್ಲಿ ಕಾದಂಬರಿಗಳು ತಿಂಗಳ ಕಂತುಗಳಲ್ಲಿ ಬರತೊಡಗಿದವು. ಕಂತಿಗೆ ಒಂದು ಶಿಲಿಂಗ್. ಪುಸ್ತಕ ಕೊಳ್ಳಲಾಗದವರೂ ಕಂತು ಕೊಂಡರು, ಅದನ್ನೂ ಕೊಳ್ಳಲಾಗದವರಿಗೆ ಓದಿ ಹೇಳುವವರಿದ್ದರು. ಊರ ಹೆಸರು, ಬೀದಿ ಹೆಸರು, ಕೋರ್ಟಿನ ಹೆಸರು ಎಲ್ಲ ನಿಜದ್ದೇ.

ಚಾರ್ಲ್ಸ್ ಡಿಕನ್ಸ್‌ಗೆ 12 ವರ್ಷವಿದ್ದಾಗ ಅಪ್ಪ ಸಾಲ ತೀರಿಸಲಾಗದೆ ಜೈಲಿಗೆ ಹೋದರು. ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದ. 'ಆಲಿವರ್ ಟ್ವಿಸ್ಟ್'ನಲ್ಲಿ ಇನ್ನೊಂದು ಬಟ್ಟಲು ಗಂಜಿ ಕೇಳುವ ಹುಡುಗನನ್ನು ಎಲ್ಲರೂ ಬಲ್ಲರು. ಅದರ ಹಿಂದೆ 1834ರ ಬಡವರ ಕಾಯ್ದೆ ಇದೆ. ಗತಿಯಿಲ್ಲದವರನ್ನು ಇರಿಸಿ ದುಡಿಸುವ 'ವರ್ಕ್‌ಹೌಸ್'ನ ಬದುಕು ಹೊರಗಿನ ಕೂಲಿ ಬದುಕಿಗಿಂತ ಕೆಟ್ಟದಾಗಿರಬೇಕು, ಆಗ ಯಾರೂ ಸುಮ್ಮನೆ ಬರುವುದಿಲ್ಲ ಎಂಬುದು ಆ ಕಾಯ್ದೆಯ ಲೆಕ್ಕ. ಗಂಜಿ ತೆಳುವಾಗಿದ್ದುದು ಅಡುಗೆಯವನ ಜಿಪುಣತನದಿಂದ ಅಲ್ಲ, ಕಾಯ್ದೆಯ ಉದ್ದೇಶವೇ ಅದು.

ಆದರೆ ನನ್ನ ಪ್ರಕಾರ ಡಿಕನ್ಸ್ ಪೂರ್ತಿ ಹರಿತವಾಗುವುದು 1852-53ರ 'ಬ್ಲೀಕ್ ಹೌಸ್'ನಲ್ಲಿ. ಅದು ಲಂಡನ್ನಿನ ಚಾನ್ಸರಿ ನ್ಯಾಯಾಲಯದ ಕಥೆ. ಜಾರ್ಂಡೈಸ್ ವಿರುದ್ಧ ಜಾರ್ಂಡೈಸ್ ಎಂಬ ಉಯಿಲಿನ ಮೊಕದ್ದಮೆ ತಲೆಮಾರುಗಳಿಂದ ನಡೆಯುತ್ತಿದೆ. ಅದರ ಬಗ್ಗೆ ಪೂರ್ತಿ ಗೊತ್ತಿರುವವರು ಯಾರೂ ಬದುಕಿಲ್ಲ. ಮಕ್ಕಳು ಮೊಕದ್ದಮೆಯೊಳಗೇ ಹುಟ್ಟುತ್ತಾರೆ, ಮುದುಕರು ಅದರೊಳಗೇ ಸಾಯುತ್ತಾರೆ. ರಿಚರ್ಡ್ ಎಂಬ ಯುವಕ ಇವತ್ತಲ್ಲ ನಾಳೆ ತೀರ್ಪು ಬರುತ್ತದೆ ಎಂದು ನಂಬಿ ಕೆಲಸ ಬಿಡುತ್ತಾನೆ, ಸಾಲ ಮಾಡುತ್ತಾನೆ, ಸೊರಗುತ್ತಾನೆ. ಕೊನೆಗೆ ಸರಿಯಾದ ಉಯಿಲು ಸಿಗುತ್ತದೆ. ಅವನ ಗೆಳೆಯರು ಕೋರ್ಟಿಗೆ ಓಡುತ್ತಾರೆ. ಒಳಗಿನಿಂದ ವಕೀಲರು ನಗುತ್ತಾ ಹೊರಬರುತ್ತಿದ್ದಾರೆ, ಕಾಗದದ ಕಟ್ಟುಗಳು ಮೂಟೆ ಮೂಟೆಯಾಗಿ ಬರುತ್ತಿವೆ. ಮೊಕದ್ದಮೆ ಮುಗಿದಿದೆ. ಯಾಕೆಂದರೆ ಇಡೀ ಆಸ್ತಿ ಕೋರ್ಟಿನ ಖರ್ಚಿಗೇ ಹೋಗಿ ಏನೂ ಉಳಿದಿಲ್ಲ.

ಇದು ಉತ್ಪ್ರೇಕ್ಷೆ ಎಂದವರಿಗೆ ಡಿಕನ್ಸ್ ಮುನ್ನುಡಿಯಲ್ಲೇ ಉತ್ತರ ಕೊಟ್ಟರು. ಈಗ ಕೋರ್ಟಿನಲ್ಲಿರುವ ಒಂದು ಮೊಕದ್ದಮೆ ಸುಮಾರು 20 ವರ್ಷದಿಂದ ನಡೆಯುತ್ತಿದೆ, 70,000 ಪೌಂಡ್ ಖರ್ಚಾಗಿದೆ ಎಂದರು. ಅವರಿಗೇ ಒಂದು ಏಟು ಬಿದ್ದಿತ್ತು. 1844ರಲ್ಲಿ ತಮ್ಮ ಪುಸ್ತಕವನ್ನು ಕದ್ದು ಅಚ್ಚು ಹಾಕಿದವರ ಮೇಲೆ ಇದೇ ಕೋರ್ಟಿನಲ್ಲಿ ದಾವೆ ಹೂಡಿ ಗೆದ್ದಿದ್ದರು. ಸೋತವರು ದಿವಾಳಿ ಎಂದು ಕೈ ಎತ್ತಿದರು. ಗೆದ್ದ ಡಿಕನ್ಸ್ ತಲೆಗೆ ಬಂದಿದ್ದು ಸುಮಾರು 700 ಪೌಂಡ್ ಖರ್ಚು!

ಕಾಫಿ ಮತ್ತು ಎಮ್ಮೆ

ವಸಾಹತುಗಳ ವಿಷಯಕ್ಕೆ ಬಂದರೆ ನನಗೆ ಅತಿ ಜಾಣತನದ ಪುಸ್ತಕ ಅನ್ನಿಸುವುದು ಡಚ್ ಭಾಷೆಯ 'ಮ್ಯಾಕ್ಸ್ ಹಾವೆಲಾರ್', 1860ರದ್ದು. ಬರೆದವರು ಎಡ್ವರ್ಡ್ ದೌವೆಸ್ ಡೆಕ್ಕರ್. ಮುಲ್ತಾತುಲಿ ಎಂಬ ಹೆಸರಿನಲ್ಲಿ ಬರೆದರು. 1856ರಲ್ಲಿ ಜಾವಾದ ಲೆಬಾಕ್ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದಾಗ ಅಲ್ಲಿನ ಸ್ಥಳೀಯ ದೊರೆ ರೈತರಿಂದ ಎಮ್ಮೆ ಕಿತ್ತುಕೊಳ್ಳುವುದು, ಬಿಟ್ಟಿ ದುಡಿಸುವುದು ನೋಡಿದರು. ದೂರು ಕೊಟ್ಟರು. ಮೇಲಧಿಕಾರಿಗಳು ದೂರು ಕೊಟ್ಟವರನ್ನೇ ತಪ್ಪಿತಸ್ಥರಂತೆ ನೋಡಿದರು. ಅವರು ರಾಜೀನಾಮೆ ಕೊಟ್ಟರು.

ಕಾದಂಬರಿ ಶುರುವಾಗುವುದು ಜಾವಾದಲ್ಲಿ ಅಲ್ಲ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ದ್ರೋಖ್‌ಸ್ತೊಪೆಲ್ ಎಂಬ ಕಾಫಿ ದಲ್ಲಾಳಿ ತನ್ನ ವಿಳಾಸ ಹೇಳಿ, ತಾನು ಕಥೆ ಗಿಥೆ ಬರೆಯುವವನಲ್ಲ ಎಂದು ಸಾರಿ, ಕಾಫಿ ಹರಾಜಿನ ಬಗ್ಗೆ ಪುಸ್ತಕ ಬರೆಯಲು ಕೂರುತ್ತಾನೆ. ಒಬ್ಬ ಹಳೆಯ ಪರಿಚಯದವನ ಕಾಗದದ ಗಂಟು ಅವನ ಕೈಗೆ ಸಿಗುತ್ತದೆ. ಅದರೊಳಗಿಂದ ಜಾವಾದ ಕಥೆ ನುಸುಳುತ್ತದೆ. ಸೈಜಾ ಎಂಬ ಹುಡುಗನ ಮನೆಯ ಎಮ್ಮೆಯನ್ನು ಎಳೆದೊಯ್ಯುತ್ತಾರೆ, ಇನ್ನೊಂದನ್ನು ತಂದರೆ ಅದನ್ನೂ ಎಳೆದೊಯ್ಯುತ್ತಾರೆ. ಈ ಕಡೆ ದಲ್ಲಾಳಿ ಚರ್ಚಿಗೆ ಹೋಗುತ್ತಾನೆ, ಜಾವಾದವರು ದುಡಿಯಬೇಕು, ಅದು ದೇವರ ಇಚ್ಛೆ ಎಂಬ ಉಪದೇಶ ಕೇಳಿ ತಲೆದೂಗುತ್ತಾನೆ. 1830ರಿಂದ ಜಾವಾದ ರೈತರು ಜಮೀನಿನ ಐದನೇ ಒಂದು ಭಾಗದಲ್ಲಿ ಸರ್ಕಾರ ಹೇಳಿದ ರಫ್ತು ಬೆಳೆ ಬೆಳೆಯಬೇಕೆಂಬ ಕಟ್ಟಳೆ ಇತ್ತು. ಅದು ಕಾಗದದ ಲೆಕ್ಕ, ನೆಲದ ಮೇಲೆ ಭಾರ ಇನ್ನೂ ಹೆಚ್ಚು.

ಕೊನೆಯಲ್ಲಿ ಲೇಖಕ ತಾಳ್ಮೆ ಕಳೆದುಕೊಂಡು ತಾನೇ ಪುಟದೊಳಗೆ ನುಗ್ಗುತ್ತಾರೆ. ದಲ್ಲಾಳಿಯನ್ನು ಆಚೆ ದಬ್ಬಿ, ನೇರವಾಗಿ ದೊರೆ ಮೂರನೇ ವಿಲಿಯಂಗೆ ಪ್ರಶ್ನೆ ಹಾಕುತ್ತಾರೆ. ನಿಮ್ಮ ಹೆಸರಿನಲ್ಲಿ ಜನರನ್ನು ಹೀಗೆ ಹಿಂಡುವುದು ನಿಮಗೆ ಒಪ್ಪಿಗೆಯಾ ಅಂತ. ಇದನ್ನು ಅಚ್ಚು ಹಾಕಿಸಲು ನೆರವಾದವರೇ ಊರ ಹೆಸರು, ತಾರೀಖುಗಳ ಜಾಗಕ್ಕೆ ಚುಕ್ಕೆ ಇಟ್ಟುಬಿಟ್ಟರು. ಡೆಕ್ಕರ್ ಆ ಹೆಸರುಗಳನ್ನು ವಾಪಸು ಹಾಕಲು 1875ರವರೆಗೆ ಕಾಯಬೇಕಾಯಿತು.

ಫಿಲಿಪ್ಪೀನ್ಸ್‌ನ ಹೊಸೆ ರಿಸಾಲ್‌ಗೆ ಚುಕ್ಕೆಯ ರಕ್ಷಣೆಯೂ ಸಿಗಲಿಲ್ಲ. ಸ್ಪೇನ್ ಆಳ್ವಿಕೆ ಮತ್ತು ಪಾದ್ರಿಗಳ ದರ್ಪವನ್ನು ಬಯಲಿಗಿಟ್ಟ ಅವರ ಮೊದಲ ಕಾದಂಬರಿ 1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾಯಿತು, 2,000 ಪ್ರತಿ. 1896ರ ಡಿಸೆಂಬರ್ 30ರಂದು ಅವರನ್ನು ಮನಿಲಾದಲ್ಲಿ ಗುಂಡಿಟ್ಟು ಕೊಂದರು.

ನಮ್ಮ ಹತ್ತಿರಕ್ಕೆ ಬಂದರೆ, ಒಡಿಯಾದ ಫಕೀರ ಮೋಹನ ಸೇನಾಪತಿ. ಅವರ 'ಛ ಮಾಣ ಆಠ ಗುಂಠ' 1897ರಿಂದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1902ರಲ್ಲಿ ಪುಸ್ತಕವಾಯಿತು. ಹೆಸರೇ ಒಂದು ತುಂಡು ಜಮೀನಿನ ಅಳತೆ. ಭಾಗಿಯಾ ಮತ್ತು ಸಾರಿಯಾ ನೇಕಾರ ದಂಪತಿ. ಮಕ್ಕಳಿಲ್ಲ. ಗುಡಿ ಕಟ್ಟಿಸಿದರೆ ದೇವಿ ಮಗು ಕೊಡುತ್ತಾಳೆ ಎಂದು ನಂಬಿಸಿ, ಅವರ ಜಮೀನನ್ನು ರಾಮಚಂದ್ರ ಮಂಗರಾಜ ಎಂಬ ಜಮೀನ್ದಾರ ಅಡವು ಬರೆಸಿಕೊಳ್ಳುತ್ತಾನೆ. ಜಮೀನು ಹೋಗುತ್ತದೆ, ಹಸು ಹೋಗುತ್ತದೆ, ಸಾರಿಯಾ ಸಾಯುತ್ತಾಳೆ, ಭಾಗಿಯಾನಿಗೆ ಹುಚ್ಚು ಹಿಡಿಯುತ್ತದೆ.

ಕಥೆ ಇಷ್ಟೇ. ಆದರೆ ಹೇಳುವವನ ದನಿ ಇದೆಯಲ್ಲ, ಅದು ಕೊಲ್ಲುತ್ತದೆ! ಅವನು ಮೊದಲ ಪುಟದಿಂದಲೇ ಮಂಗರಾಜನ ಪರ ವಕೀಲನಂತೆ ವಾದಿಸುತ್ತಾನೆ. ಮಂಗರಾಜರು ಮಹಾ ಭಕ್ತರು, ಒಂದು ಏಕಾದಶಿಯನ್ನೂ ಬಿಟ್ಟವರಲ್ಲ. ಆದರೆ ಏಕಾದಶಿ ರಾತ್ರಿ ಅವರ ಕೋಣೆಯಲ್ಲಿ ಹಾಲಿನ ಪಾತ್ರೆ, ಬಾಳೆಹಣ್ಣು ಇಡುತ್ತೇನೆ, ಬೆಳಗ್ಗೆ ಪಾತ್ರೆ ಖಾಲಿ ಇರುತ್ತದೆ ಎಂದು ಕೆಲಸದವನೊಬ್ಬ ಹೇಳುತ್ತಾನೆ. ಇದಕ್ಕೆ ಸಾಕ್ಷಿ ಎಲ್ಲಿದೆ? ಕುಡಿದದ್ದನ್ನು ಕಣ್ಣಾರೆ ಕಂಡವರಿದ್ದಾರಾ? ದ್ರವ ಆವಿಯಾಗುತ್ತದೆ ಎಂದು ವಿಜ್ಞಾನ ಹೇಳುತ್ತದೆ. ಹಾಲು ದ್ರವ. ಜಮೀನ್ದಾರರ ಮನೆಯ ಹಾಲು ಎಂದ ಮಾತ್ರಕ್ಕೆ ವಿಜ್ಞಾನದ ನಿಯಮ ಮುರಿಯಲು ಆಗುತ್ತದಾ? ಓದುವಾಗ ನಗು ಬರುತ್ತದೆ. ಆಮೇಲೆ ತಿಳಿಯುತ್ತದೆ, ಇದು ಬ್ರಿಟಿಷ್ ಕೋರ್ಟಿನ ಭಾಷೆಯ ಅಣಕ. ಇದೇ ತರ್ಕದಲ್ಲಿ ಬಡವರ ಜಮೀನು ಹೋಗುತ್ತಿದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಆ ಜಮೀನ್ದಾರಿ ಮೊದಲು ಹಳೆಯ ಒಡಿಯಾ ಮನೆತನದ್ದು. ಅದು ಕಂದಾಯ ಬಾಕಿಯ ಹರಾಜಿನಲ್ಲಿ ಹೊರಗಿನವರ ಪಾಲಾಯಿತು. ಅವರ ಮಗನಿಗೆ ಸಾಲ ಕೊಟ್ಟು ಮಂಗರಾಜ ಅದನ್ನು ನುಂಗಿದ. ಮಂಗರಾಜ ಜೈಲಿಗೆ ಹೋಗುವಾಗ ಅವನ ವಕೀಲ ಅದನ್ನು ನುಂಗುತ್ತಾನೆ. ಖಳನಾಯಕನಿಗೆ ಶಿಕ್ಷೆ ಆಯಿತು, ಆದರೆ ಊರಿಗೆ ಏನು ಬದಲಾಯಿತು? ಪಲ್ಲಕ್ಕಿ ಅದೇ, ಕೂತವನು ಬೇರೆ.

ಏಟು ಬಿದ್ದಿದ್ದು ಎಲ್ಲಿ?

ಇಷ್ಟೆಲ್ಲ ಬರೆದದ್ದರಿಂದ ಏನಾದರೂ ಆಯಿತಾ ಎಂದು ಕೇಳಬಹುದು. ಕೆಲವೊಮ್ಮೆ ಆಯಿತು, ಆದರೆ ಲೇಖಕರು ಎಣಿಸಿದಂತೆ ಅಲ್ಲ.

ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ 'ಅಂಕಲ್ ಟಾಮ್ಸ್ ಕ್ಯಾಬಿನ್' 1852ರಲ್ಲಿ ಪುಸ್ತಕವಾಗಿ ಬಂದು ಮೊದಲ ವರ್ಷವೇ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿ ಖರ್ಚಾಯಿತು. ಓಡಿಬಂದ ಗುಲಾಮರನ್ನು ಹಿಡಿದುಕೊಡಬೇಕು ಎಂಬ 1850ರ ಕಾನೂನು ಅವರನ್ನು ಬರೆಯಲು ಕೂರಿಸಿತ್ತು. ಆ ಕಾನೂನು ಗುಲಾಮಗಿರಿಯನ್ನು ಉತ್ತರದ ರಾಜ್ಯಗಳ ಮನೆಬಾಗಿಲಿಗೆ ತಂದಿತು. ಇದೆಲ್ಲ ಸುಳ್ಳು ಎಂದವರಿಗೆ ಮರುವರ್ಷ ದಾಖಲೆಗಳ ಇನ್ನೊಂದು ಪುಸ್ತಕವನ್ನೇ ಹೊರತಂದರು. ಆ ಕಾದಂಬರಿಗೆ ಅಧಿಕಾರ ಎಷ್ಟು ಹೆದರಿತ್ತು ಎಂಬುದಕ್ಕೆ ಮೇರಿಲ್ಯಾಂಡಿನ ಸ್ಯಾಮುಯೆಲ್ ಗ್ರೀನ್ ಸಾಕ್ಷಿ. ಸ್ವತಂತ್ರನಾಗಿದ್ದ ಕಪ್ಪು ಪಾದ್ರಿ. ಗುಲಾಮರು ಓಡಿಹೋಗಲು ನೆರವಾಗುತ್ತಿದ್ದಾರೆ ಎಂಬ ಗುಮಾನಿಯಲ್ಲಿ ಮನೆ ಶೋಧಿಸಿದರು. ಕೊನೆಗೆ ಅಪರಾಧ ಎಂದು ಸಾಬೀತಾಗಿದ್ದು ಒಂದೇ, ಈ ಪುಸ್ತಕ ಇಟ್ಟುಕೊಂಡದ್ದು. 1857ರಲ್ಲಿ 10 ವರ್ಷ ಶಿಕ್ಷೆ. ಬಿಡುಗಡೆಯಾಗಿದ್ದು 1862ರಲ್ಲಿ, ರಾಜ್ಯ ಬಿಟ್ಟು ಹೋಗಬೇಕೆಂಬ ಷರತ್ತಿನ ಮೇಲೆ.

ಅಪ್ಟನ್ ಸಿಂಕ್ಲೇರ್ ಅವರ 'ದಿ ಜಂಗಲ್' 1906ರದ್ದು. ಶಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ದುಡಿಯುವ ವಲಸೆ ಕುಟುಂಬದ ಕಥೆ. ಅವರು 1,500 ಡಾಲರ್‌ನ ಮನೆ ಕೊಳ್ಳುತ್ತಾರೆ. 300 ಮುಂಗಡ, ತಿಂಗಳಿಗೆ 12 ಡಾಲರ್ ಕಂತು. ಪೈಸೆ ಪೈಸೆ ಲೆಕ್ಕ ಹಾಕಿ ಒಪ್ಪಿರುತ್ತಾರೆ. ಆಮೇಲೆ ನೆರೆಯ ಮುದುಕಿಯೊಬ್ಬಳು ಕೇಳುತ್ತಾಳೆ, ಬಡ್ಡಿ ಎಷ್ಟು ಕಟ್ಟುತ್ತೀರಿ ಅಂತ. ಬಡ್ಡಿಯಾ? ಕರಾರು ಪತ್ರ ತಂದು ನೋಡಿದರೆ ಹೌದು, ಬಡ್ಡಿ ಬೇರೆ! ಸಿಂಕ್ಲೇರ್‌ಗೆ ಮುಖ್ಯವಾಗಿದ್ದು ಇದು. ಓದುಗರಿಗೆ ಮುಖ್ಯವಾಗಿದ್ದು ಮಾಂಸದ ಡಬ್ಬಿಯೊಳಗೆ ಏನು ಸೇರುತ್ತಿದೆ ಎಂಬುದು. ಅದೇ ವರ್ಷ ಜೂನ್ 30ಕ್ಕೆ ಮಾಂಸ ತಪಾಸಣೆ ಕಾಯ್ದೆ, ಶುದ್ಧ ಆಹಾರ ಮತ್ತು ಔಷಧ ಕಾಯ್ದೆ ಎರಡಕ್ಕೂ ಸಹಿ ಬಿತ್ತು. ಕಾರ್ಮಿಕರಿಗೆ ಸಿಕ್ಕಿದ್ದು ಏನೂ ಇಲ್ಲ. ಜನರ ಎದೆಗೆ ಗುರಿ ಇಟ್ಟೆ, ತಪ್ಪಿ ಹೊಟ್ಟೆಗೆ ಬಿತ್ತು ಎಂದು ಸಿಂಕ್ಲೇರ್ ಆಮೇಲೆ ಗೊಣಗಿದರು.

ಈ ಲೇಖಕರನ್ನು ಪೂರ್ತಿ ತಲೆ ಮೇಲೆ ಹೊತ್ತುಕೊಳ್ಳುವುದೂ ಬೇಡ. ಸ್ಟೋವ್ ಕಾದಂಬರಿಯ ಕಪ್ಪು ಜನರಲ್ಲಿ ಹಲವರು ಬಿಳಿಯರ ಕಲ್ಪನೆಯ ಅಚ್ಚಿನಲ್ಲೇ ಇದ್ದಾರೆ, ಸ್ವಾತಂತ್ರ್ಯ ಪಡೆದ ಕುಟುಂಬವನ್ನು ಕೊನೆಗೆ ಆಫ್ರಿಕಾಕ್ಕೆ ಸಾಗಹಾಕುತ್ತಾರೆ. ಡಿಕನ್ಸ್ ನಿಯಮವನ್ನು ಅಷ್ಟು ಚೆನ್ನಾಗಿ ಬಿಚ್ಚಿಟ್ಟು, ಆಲಿವರನನ್ನು ಉಳಿಸಲು ಒಬ್ಬ ದಯಾಳು ಶ್ರೀಮಂತನನ್ನು ಕರೆಸುತ್ತಾರೆ. ಇನ್ನು ಗೊಗೊಲ್ ಕಥೆಯಂತೂ ಕೇಳಲೇಬಾರದು. 1847ರಲ್ಲಿ ಅವರು ಜಮೀನ್ದಾರರ ಅಧಿಕಾರ ದೇವರೇ ಕೊಟ್ಟದ್ದು ಎಂಬ ಧಾಟಿಯಲ್ಲಿ ಪತ್ರಗಳ ಪುಸ್ತಕ ಪ್ರಕಟಿಸಿದರು. ವಿಮರ್ಶಕ ಬೆಲಿನ್ಸ್ಕಿ ಕೆಂಡವಾಗಿ ಒಂದು ಪತ್ರ ಬರೆದರು. ಆ ಪತ್ರವನ್ನು ಗೆಳೆಯರ ಗುಂಪಿನಲ್ಲಿ ಗಟ್ಟಿಯಾಗಿ ಓದಿದ್ದು ದಸ್ತಯೇವ್ಸ್ಕಿ ಮೇಲಿನ ಆರೋಪಗಳಲ್ಲಿ ಒಂದಾಯಿತು. 1849ರಲ್ಲಿ ಅವರಿಗೆ ಮರಣದಂಡನೆ ವಿಧಿಸಿ, ಗುಂಡು ಹಾರಿಸುವ ಜಾಗಕ್ಕೆ ಕರೆದೊಯ್ದು, ಕೊನೆಗಳಿಗೆಯಲ್ಲಿ ಸೈಬೀರಿಯಾಕ್ಕೆ ಅಟ್ಟಿದರು. ಗೊಗೊಲ್ ಅಭಿಪ್ರಾಯ ಏನೇ ಇರಲಿ, ಅವರು ಬರೆದ ಆ ಚೌಕಾಸಿ ಮಾತ್ರ ಅವರ ಅಭಿಪ್ರಾಯದ ಮಾತು ಕೇಳಲಿಲ್ಲ.

ಬರೆಯದ ನಿಯಮಗಳು

ಎಲ್ಲ ನಿಯಮವೂ ಸರ್ಕಾರದ ಪುಸ್ತಕದಲ್ಲಿ ಇರುವುದಿಲ್ಲ. 1856ರಲ್ಲೇ ಹಿಂದೂ ವಿಧವೆಯರ ಮರುಮದುವೆಗೆ ಕಾನೂನು ಒಪ್ಪಿತ್ತು. ಕಾನೂನು ಒಪ್ಪಿದರೆ ಸಾಕಾ? ಅಪ್ಪ ಅಮ್ಮ ಒಪ್ಪಬೇಕು, ಜಾತಿ ಒಪ್ಪಬೇಕು. ಕನ್ನಡದಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದದ್ದು 43 ವರ್ಷಗಳ ನಂತರ, 1899ರಲ್ಲಿ. ಸಾರಸ್ವತ ಸಮಾಜದ ಎಳೆಯ ವಿಧವೆ ಇಂದಿರಾ. ಹೆತ್ತವರ ಮನೆಗೆ ಸಾಧು ಸಂತರ ಸೋಗಿನ ಮಂಡಳಿ ಬಂದು ಕೂರುತ್ತದೆ, ಅವರ ಸೇವೆಗೆ ಮಗಳನ್ನು ನೂಕಲು ಮನೆಯವರೇ ಸಿದ್ಧ. ಅವಳು ಮನೆ ಬಿಟ್ಟು ಹೊರಡುತ್ತಾಳೆ, ಓದುತ್ತಾಳೆ, ಇಂಗ್ಲೆಂಡಿಗೆ ಹೋಗಿ ಓದಿ ಬಂದ ಭಾಸ್ಕರನನ್ನು ಮದುವೆಯಾಗುತ್ತಾಳೆ. ಕಡಲು ದಾಟಿದವನಿಗೇ ಬಹಿಷ್ಕಾರ ಕಾದಿರುತ್ತಿದ್ದ ಕಾಲ ಅದು. ಭಾಷಣ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಬಹುದು. ಆದರೆ ಭಕ್ತಿಯ ಹೆಸರಲ್ಲಿ ಮನೆಯೊಳಗೆ ನಡೆಯುವುದನ್ನು ಅಷ್ಟು ಬಿಡುಬೀಸಾಗಿ ಬರೆಯಲು ಎದೆಗಾರಿಕೆ ಬೇಕಿತ್ತು, ಅಲ್ವಾ?

ಹತ್ತು ವರ್ಷ ಮೊದಲು ಮಲಯಾಳದಲ್ಲಿ ಚಂದು ಮೇನೋನ್ ಅವರ 'ಇಂದುಲೇಖಾ' ಬಂದಿತ್ತು. ಹಣವಂತ ನಂಬೂದಿರಿ ಬ್ರಾಹ್ಮಣನೊಬ್ಬ ಸಂಬಂಧ ಬೆಳೆಸಲು ಬರುತ್ತಾನೆ, ಇಂದುಲೇಖಾ ಅವನನ್ನು ಗೇಲಿ ಮಾಡಿ ಅಟ್ಟುತ್ತಾಳೆ. ಅವನು ಮಾನ ಉಳಿಸಿಕೊಳ್ಳಲು ಅದೇ ಮನೆಯ ಇನ್ನೊಬ್ಬ ಹುಡುಗಿಯನ್ನು ಕಟ್ಟಿಕೊಂಡು ಹೋಗುತ್ತಾನೆ. ಆ ಹುಡುಗಿಯನ್ನು ಯಾರೂ ಒಂದು ಮಾತು ಕೇಳುವುದಿಲ್ಲ.

ಇವರೆಲ್ಲ ಯಾರು ಎಂದು ಒಮ್ಮೆ ಸಾಲಾಗಿ ನೋಡಿದಾಗ ನನಗೆ ಕುತೂಹಲ ಅನ್ನಿಸಿತು. ಚಂದು ಮೇನೋನ್ ನ್ಯಾಯಾಧೀಶರು, ಮಲಬಾರಿನ ಮದುವೆ ಪದ್ಧತಿ ಪರಿಶೀಲಿಸಲು 1891ರಲ್ಲಿ ಸರ್ಕಾರ ನೇಮಿಸಿದ ಆಯೋಗದಲ್ಲೂ ಇದ್ದರು. ಗುಲ್ವಾಡಿಯವರು ಪೊಲೀಸ್ ಇಲಾಖೆಯಲ್ಲಿದ್ದವರು. ಸೇನಾಪತಿ ಒಡಿಶಾದ ಸಂಸ್ಥಾನಗಳಲ್ಲಿ ದಿವಾನಗಿರಿ ಮಾಡಿದವರು. ಡೆಕ್ಕರ್ ಜಿಲ್ಲಾಧಿಕಾರಿ. ಡಿಕನ್ಸ್ ಕಾದಂಬರಿಗೆ ಮೊದಲು ಕೋರ್ಟು ಮತ್ತು ಪಾರ್ಲಿಮೆಂಟಿನ ಶೀಘ್ರಲಿಪಿ ವರದಿಗಾರ. ಗೊಗೊಲ್ ಪೀಟರ್ಸ್‌ಬರ್ಗ್‌ನ ಕಚೇರಿಯಲ್ಲಿ ಕೆಲಕಾಲ ಗುಮಾಸ್ತ. ಸ್ವಿಫ್ಟ್ ಕೂಡ ಲಂಡನ್ನಿನಲ್ಲಿ ಮಂತ್ರಿಗಳ ಪರವಾಗಿ ಬರೆದವರು, ದಾರದ ಮೇಲಿನ ಕುಣಿತವನ್ನು ಪಕ್ಕದಲ್ಲೇ ನಿಂತು ನೋಡಿದವರು. ಹೊರಗೆ ನಿಂತು ಕೂಗಿದವರು ಇವರಲ್ಲಿ ಕಡಿಮೆ. ಹೆಚ್ಚಿನವರು ಹಗಲು ಹೊತ್ತು ಅದೇ ಕಡತಗಳ ಮುಂದೆ ಕೂತು ಸಹಿ ಹಾಕುತ್ತಿದ್ದರು, ಇಲ್ಲವೇ ನಕಲು ಮಾಡುತ್ತಿದ್ದರು.